ಗ್ರೀನ್‌ಹೌಸ್ ಬೇರೆ, ಗ್ರೀನ್ ಹೌಸ್ ಬೇರೆ: ಇಂಗ್ಲಿಷ್ ಜೋಡಿಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತೆ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರೋರಿಗೆ, ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಹೆಡ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ಈಗ ಹೆಡ್‌ಫೋನ್ ಅಂದೆ ಅಲ್ವಾ, ಆ ಪದವನ್ನ ನೀವೊಮ್ಮೆ ಬಾಯಿಬಿಟ್ಟು ಹೇಳಿ. ನಿಮ್ಮ ದನಿಯ ಭಾರ ಎಲ್ಲಿ ಬಿತ್ತು? 'ಹೆಡ್' ಮೇಲಾ, 'ಫೋನ್' ಮೇಲಾ, ಅಥವಾ ಎರಡರ ಮೇಲೂ ಸಮವಾಗಿ ಬಿತ್ತಾ? ನಮ್ಮಲ್ಲಿ ಬಹಳ ಜನಕ್ಕೆ ಸಮವಾಗಿ ಬೀಳುತ್ತೆ, ಇಲ್ಲಾ 'ಫೋನ್' ಸ್ವಲ್ಪ ಎಳೆಯುತ್ತೆ. ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲಿ ಭಾರ 'ಹೆಡ್' ಮೇಲೆ. ಇವತ್ತಿನ ಎಪಿಸೋಡ್ ಪೂರ್ತಿ ಈ ಒಂದು ವಿಷಯದ ಮೇಲೆ: ಎರಡು ಪದ ಸೇರಿ ಒಂದಾದ ಇಂಗ್ಲಿಷ್ ಪದಗಳನ್ನ ಹೇಗೆ ತುಂಡು ಮಾಡೋದು, ಒತ್ತನ್ನ ಎಲ್ಲಿ ಹಾಕೋದು.

ಇದನ್ನ ಕೇಳೋ ಬದಲು ಓದ್ತಿರೋರಿಗೆ ಒಂದು ಮಾತು. ತುಂಡುಗಳ ಮಧ್ಯೆ ಅಡ್ಡಗೆರೆ ಹಾಕಿದ್ದೀನಿ. ಒತ್ತು ಬೀಳೋ ತುಂಡಿನ ಮುಂದೆ, ತಲೆಯ ಹತ್ತಿರ ˈ ಅನ್ನೋ ಪುಟ್ಟ ಗೆರೆ ಇದೆ. ಇದು ನನ್ನ ಗುರುತಲ್ಲ, ಡಿಕ್ಷನರಿಗಳು ಬಳಸೋ ಗುರುತೇ. ಎಪಿಸೋಡ್ ಮುಗಿಯೋ ಹೊತ್ತಿಗೆ ನಿಮಗೆ ಅದನ್ನ ಓದೋಕೆ ಬಂದಿರುತ್ತೆ.

ಮೊದಲು ಕತ್ತರಿ ಹಾಕೋಣ

ಒಂದು ಪದದಲ್ಲಿ ಎಷ್ಟು ಸ್ವರದ ಸದ್ದು ಕೇಳುತ್ತೋ ಅಷ್ಟು ಸಿಲಬಲ್. ನೆನಪಿಡಿ, ಎಷ್ಟು ಸ್ವರಾಕ್ಷರ ಬರೆದಿದೆ ಅಂತಲ್ಲ, ಎಷ್ಟು ಕೇಳುತ್ತೆ ಅಂತ. 'ಹೋಮ್‌ವರ್ಕ್' ಬರೆಯುವಾಗ ಮಧ್ಯದಲ್ಲಿ ಒಂದು 'ಇ' ಅಕ್ಷರ ಬರುತ್ತೆ, ಆದರೆ ಅದು ಮಾತಾಡಲ್ಲ. ಹಾಗಾಗಿ ಎರಡೇ ತುಂಡು: ಹೋಮ್-ವರ್ಕ್. ಗದ್ದದ ಕೆಳಗೆ ಕೈ ಇಟ್ಕೊಂಡು ನಿಧಾನಕ್ಕೆ ಹೇಳಿ ನೋಡಿ, ಸಾಮಾನ್ಯವಾಗಿ ಒಂದೊಂದು ಸಿಲಬಲ್‌ಗೆ ಒಂದೊಂದು ಸಲ ಗದ್ದ ಕೆಳಗಿಳಿಯುತ್ತೆ.

ಜೋಡಿಪದದ ಮೊದಲ ಕತ್ತರಿ ಯಾವಾಗಲೂ ಎರಡು ಪದ ಸೇರಿದ ಜಾಗದಲ್ಲಿ. ಆಮೇಲೆ ಬೇಕಾದರೆ ಒಳಗಿನ ತುಂಡುಗಳು. 'ಸನ್‌ಫ್ಲವರ್' ಮೊದಲು ಸನ್ ಮತ್ತು ಫ್ಲವರ್, ಆಮೇಲೆ ಫ್ಲವರ್ ಎರಡು ತುಂಡು, ಒಟ್ಟು ಮೂರು. 'ಟೈಮ್‌ಟೇಬಲ್' ಕೂಡ ಮೂರು: ಟೈಮ್-ಟೇ-ಬಲ್.

ಕೂಡಿದ ಜಾಗ ಗೊತ್ತಿಲ್ಲದೆ ಓದಿದರೆ ಏನಾಗುತ್ತೆ ಅಂತ ನೋಡೋಕೆ ನಮ್ಮ ಊರಿನ ರಸ್ತೆಯ ಪದವೇ ಸಾಕು: ಪಾಟ್‌ಹೋಲ್. ಇಂಗ್ಲಿಷಿನಲ್ಲಿ ಬರೆದಾಗ ಮಧ್ಯದಲ್ಲಿ 'ಟಿ' ಮತ್ತು 'ಎಚ್' ಅಕ್ಕಪಕ್ಕ ಕೂರುತ್ತವೆ. ಅವೆರಡನ್ನ ಒಟ್ಟಿಗೆ ನೋಡಿದ ತಕ್ಷಣ ನಮ್ಮ ಕಣ್ಣಿಗೆ 'ಥ' ಕಾಣುತ್ತೆ, 'ಪಾಥೋಲ್' ಅಂದುಬಿಡ್ತೀವಿ. ಆದರೆ 'ಟಿ' ಮೊದಲ ಪದದ್ದು, 'ಎಚ್' ಎರಡನೆಯದರದ್ದು. ಪಾಟ್, ಹೋಲ್. ಹಾಗೇ 'ಲೂಪ್‌ಹೋಲ್'. ಅಲ್ಲಿ 'ಪಿ' ಮತ್ತು 'ಎಚ್' ಸೇರಿ 'ಫ' ಆಗಲ್ಲ. 'ಲೂಫೋಲ್' ಅಂದರೆ ಎದುರಿನವರಿಗೆ ಅರ್ಥ ಆಗೋದು ಕಷ್ಟ.

ಇದರಲ್ಲಿ ನಮ್ಮ ಲಿಪಿದೂ ಒಂದು ಪಾತ್ರ ಇದೆ. ಫೋನಲ್ಲಿ 'ನೋಟ್‌ಬುಕ್' ಅಂತ ಕನ್ನಡದಲ್ಲಿ ಟೈಪ್ ಮಾಡೋಕೆ ಹೋಗಿ, ಎಷ್ಟೋ ಸಲ ಅದು 'ನೋಟ್ಬುಕ್' ಆಗಿಬಿಡುತ್ತೆ. 'ಟ' ಕೆಳಗೆ 'ಬ' ಒತ್ತಾಗಿ ಸೇರ್ಕೊಳ್ಳುತ್ತೆ. ಕಣ್ಣಿಗೆ ಕಾಣೋ ತುಂಡು ನೋ, ಟ್ಬು, ಕ್. ಕಿವಿಗೆ ಕೇಳೋ ತುಂಡು ನೋಟ್, ಬುಕ್. ನಿಮಗೆ ಹೈಸ್ಕೂಲಿನ ಕನ್ನಡ ಕ್ಲಾಸಲ್ಲಿ ಛಂದಸ್ಸು ಮಾಡಿದ್ದು ನೆನಪಿದ್ದರೆ, ಲಘು ಗುರು ಅಂತ ಪ್ರಸ್ತಾರ ಹಾಕುವಾಗ ಒಂದು ನಿಯಮ ಇತ್ತು: ಒತ್ತಕ್ಷರದ ಹಿಂದಿನ ಅಕ್ಷರ ಗುರು. ಯಾಕೆ ಗುರು? ಬರೆಯುವಾಗ ಒಟ್ಟಿಗಿದ್ದರೂ, ಹೇಳುವಾಗ ಮೊದಲ ವ್ಯಂಜನ ಹಿಂದಿನ ತುಂಡಿಗೆ ಅಂಟ್ಕೊಳ್ಳುತ್ತೆ. 'ಅಕ್ಕ' ಅನ್ನೋದು ಬಾಯಲ್ಲಿ ಅಕ್-ಕ. ಅಂದರೆ ಸಿಲಬಲ್ ಎಣಿಸೋದು ನಮಗೆ ಹೊಸ ವಿದ್ಯೆ ಏನಲ್ಲ. ಹತ್ತನೇ ಕ್ಲಾಸಲ್ಲಿ ಅಂಕಕ್ಕೋಸ್ಕರ ಮಾಡಿದ್ದೀವಿ, ಆಮೇಲೆ ಮರೆತಿದ್ದೀವಿ ಅಷ್ಟೆ.

ಇದೇ 'ಅಕ್ಕ' ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತೆ. ನಾನು ಬಿ.ಕಾಂ. ಓದಿದವನು, ಹಾಗಾಗಿ ನನಗೆ ತುಂಬಾ ಇಷ್ಟವಾದ ಜೋಡಿಪದ 'ಬುಕ್‌ಕೀಪಿಂಗ್'. ಅದರ ಸ್ಪೆಲಿಂಗ್ ಒಂದು ಸಲ ನೋಡಿ: ಎರಡು 'ಓ', ಎರಡು 'ಕೆ', ಎರಡು 'ಇ', ಮೂರು ಜೋಡಿ ಒಂದರ ಹಿಂದೆ ಒಂದು. ಇಂಗ್ಲಿಷಿನ ಸಾಮಾನ್ಯ ಪದಗಳಲ್ಲಿ ಹೀಗೆ ಬರೋದು ಈ ಒಂದು ಕುಟುಂಬದಲ್ಲಿ ಮಾತ್ರ. ಮೊದಲ 'ಕೆ' ಬುಕ್‌ದು, ಎರಡನೇದು ಕೀಪಿಂಗ್‌ದು. ಎರಡು ಸಲ ಬಿಟ್ಟು ಬಿಟ್ಟು 'ಕ್, ಕ್' ಅನ್ನಬಾರದು. 'ಅಕ್ಕ' ಅನ್ನುವಾಗ ಒಂದು ಕ್ಷಣ ಹಿಡಿದು ಬಿಡ್ತೀವಲ್ಲ, ಹಾಗೇ: ˈಬುಕ್-ಕೀ-ಪಿಂಗ್. ಇಂಗ್ಲಿಷಿನ ಸಾದಾ ಪದದೊಳಗೆ ಈ ರೀತಿ ದ್ವಿತ್ವ ಕೇಳಿಸಲ್ಲ. ಎರಡು ಪದ ಕೂಡಿದ ಕಡೆ ಬರುತ್ತೆ. ನಮಗೆ ಅದು ಹುಟ್ಟಿನಿಂದ ಬಂದಿದೆ.

ಒತ್ತು ಅಂದ್ರೆ ಏನು?

ಇಲ್ಲಿ 'ಒತ್ತು' ಅಂದರೆ ಒತ್ತಕ್ಷರ ಅಲ್ಲ. ಒಂದು ಸಿಲಬಲ್ಲನ್ನ ಪಕ್ಕದವುಗಳಿಗಿಂತ ಸ್ವಲ್ಪ ಜೋರಾಗಿ, ಸ್ವಲ್ಪ ಉದ್ದವಾಗಿ, ಸ್ವಲ್ಪ ಮೇಲಿನ ಶ್ರುತಿಯಲ್ಲಿ ಹೇಳೋದು. ಈ ಮೂರೂ ಸೇರಿದರೆ ಇಂಗ್ಲಿಷಿನ ಒತ್ತು. ಬರೀ ಜೋರಾಗಿ ಕೂಗೋದು ಒತ್ತಲ್ಲ.

ಕನ್ನಡದಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುತ್ತೆ. ಬಳೆ ಬೇರೆ, ಬಾಳೆ ಬೇರೆ. ಆದರೆ ಭಾರವನ್ನ ಒಂದು ತುಂಡಿನಿಂದ ಇನ್ನೊಂದಕ್ಕೆ ಸರಿಸಿದರೆ ಪದದ ಅರ್ಥ ಬದಲಾಗಲ್ಲ. ಹಾಗಾಗಿ ನಮ್ಮ ಕಿವಿ ಅದನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತೆ. ಉದಾಹರಣೆ ನೋಡಿ.

ˈಗ್ರೀನ್-ಹೌಸ್: ಗಾಜು ಅಥವಾ ಪ್ಲಾಸ್ಟಿಕ್ ಹೊದಿಸಿ ಗಿಡ ಬೆಳೆಸೋ ಜಾಗ. ಗ್ರೀನ್ ˈಹೌಸ್: ಹಸಿರು ಬಣ್ಣ ಹೊಡೆದ ಮನೆ.

ˈಬ್ಲ್ಯಾಕ್-ಬೋರ್ಡ್: ಕ್ಲಾಸಿನ ಬೋರ್ಡು, ಅದು ಹಸಿರು ಬಣ್ಣದ್ದಾಗಿದ್ದರೂ ಸರಿ. ಬ್ಲ್ಯಾಕ್ ˈಬೋರ್ಡ್: ಕಪ್ಪು ಬಣ್ಣದ ಯಾವುದೋ ಹಲಗೆ.

ˈವೈಟ್ ಹೌಸ್: ಅಮೆರಿಕದ ಅಧ್ಯಕ್ಷರು ಇರೋದು. ವೈಟ್ ˈಹೌಸ್: ನಿಮ್ಮ ಬೀದಿ ಕೊನೆಯ ಬಿಳಿ ಮನೆ.

ಇನ್ನೊಂದು ನಂಗೆ ಬಹಳ ಇಷ್ಟ. ˈಇಂಗ್ಲಿಷ್ ಟೀಚರ್ ಅಂದರೆ ಇಂಗ್ಲಿಷ್ ಪಾಠ ಮಾಡೋರು, ಅವರು ಹಾಸನದವರೇ ಆಗಿರಬಹುದು. ಇಂಗ್ಲಿಷ್ ˈಟೀಚರ್ ಅಂದರೆ ಇಂಗ್ಲೆಂಡಿನಿಂದ ಬಂದ ಟೀಚರ್, ಅವರು ಗಣಿತವನ್ನೇ ಹೇಳಿಕೊಡ್ತಿರಬಹುದು. ಅಕ್ಷರ ಅದೇ, ಮಧ್ಯದ ಜಾಗವೂ ಅದೇ. ಬದಲಾಗಿದ್ದು ಒತ್ತು ಮಾತ್ರ.

ಹಾಗಾಗಿ ಮೂಲ ನಿಯಮ ಇಷ್ಟು: ಎರಡು ಪದ ಸೇರಿ ಒಂದೇ ವಸ್ತುವಿನ ಹೆಸರಾಗಿದ್ದರೆ ಸಾಮಾನ್ಯವಾಗಿ ಒತ್ತು ಮೊದಲನೆಯದರ ಮೇಲೆ. ಬರೀ ಗುಣ ಹೇಳ್ತಿದ್ದರೆ, ಅಂದರೆ 'ಹಸಿರು ಮನೆ' 'ಬಿಳಿ ಮನೆ' ಥರ ಇದ್ದರೆ, ಒತ್ತು ಎರಡನೆಯದರ ಮೇಲೆ. ಬರೆಯುವಾಗ ಕೂಡಿಸಿ ಬರೀತಾರಾ, ಬಿಡಿಸಿ ಬರೀತಾರಾ ಅನ್ನೋದು ಮುಖ್ಯ ಅಲ್ಲ. 'ಕ್ರೆಡಿಟ್ ಕಾರ್ಡ್' ಬಿಡಿಸಿ ಬರೆದರೂ ˈಕ್ರೆಡಿಟ್ ಕಾರ್ಡ್. ˈಬ್ಯಾಂಕ್ ಅಕೌಂಟ್. ˈಇನ್‌ಕಮ್ ಟ್ಯಾಕ್ಸ್. ˈಬ್ಯಾಲೆನ್ಸ್ ಶೀಟ್. ˈಕ್ಯಾಶ್ ಫ್ಲೋ. ಮೂರನೇ ಪದ ಸೇರಿಸಿ 'ಕ್ರೆಡಿಟ್ ಕಾರ್ಡ್ ಲಿಮಿಟ್' ಅಂದರೂ ಮುಖ್ಯ ಒತ್ತು 'ಕ್ರೆಡಿಟ್' ಬಿಟ್ಟು ಕದಲಲ್ಲ.

ಅನುಮಾನ ಬಂದರೆ ಒಂದು ಪರೀಕ್ಷೆ. ಮುಂದೆ 'ವೆರಿ' ಸೇರಿಸಿ ನೋಡಿ. 'ವೆರಿ ಗ್ರೀನ್ ಹೌಸ್' ಅಂದರೆ ತುಂಬಾ ಹಸಿರಾಗಿರೋ ಮನೆ, ಸರಿ. ಗಿಡ ಬೆಳೆಸೋ ಜಾಗಕ್ಕೆ 'ವೆರಿ' ಕೂರಲ್ಲ. 'ವೆರಿ' ಕೂರಲಿಲ್ಲ ಅಂದರೆ ಬಹುಮಟ್ಟಿಗೆ ಜೋಡಿಪದ.

ನಮ್ಮ ಸಂಧಿ ಮಾಡೋ ಕೆಲಸ

ಇದು ಅವರ ಭಾಷೆಯ ವಿಚಿತ್ರ ಗುಣ ಅಂತ ಅನ್ನಿಸಬಹುದು. ಸ್ವಲ್ಪ ನಿಲ್ಲಿ. ಮಳೆ, ಕಾಲ. ಎರಡೂ ಸೇರಿದರೆ ನಾವು 'ಮಳೆಕಾಲ' ಅಂತೀವಾ? ಇಲ್ಲ, ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಹುಲ್ಲು, ಕಾವಲು ಸೇರಿದರೆ ಹುಲ್ಲುಗಾವಲು. ಶಾಲೆಯಲ್ಲಿ ಇದಕ್ಕೆ ಆದೇಶ ಸಂಧಿ ಅಂತ ಕಲಿಸಿದ್ರು. ಎರಡನೇ ಪದದ ಶುರುವಿನ ಕ, ತ, ಪ ಹೋಗಿ ಗ, ದ, ಬ ಬರುತ್ತೆ.

ಆ ಬದಲಾವಣೆ ಕೇಳೋರಿಗೆ ಏನು ಹೇಳುತ್ತೆ? 'ಇವೆರಡೂ ಈಗ ಬಿಡಿ ಪದಗಳಲ್ಲ, ಒಂದೇ ಹೆಸರು' ಅಂತ. ಗಟ್ಟಿಯಾಗಿದ್ದ ಎರಡನೇ ಪದ ಸ್ವಲ್ಪ ಮೆತ್ತಗಾಗಿ ಮೊದಲನೆಯದಕ್ಕೆ ಒರಗಿಕೊಳ್ಳುತ್ತೆ. ಇಂಗ್ಲಿಷ್ ವ್ಯಂಜನ ಬದಲಾಯಿಸಲ್ಲ, ಎರಡನೇ ಪದದ ಒತ್ತು ಇಳಿಸುತ್ತೆ. ಕೆಲಸ ಅದೇ, ದಾರಿ ಬೇರೆ. ಎಲ್ಲ ಕನ್ನಡ ಸಮಾಸದಲ್ಲೂ ಹೀಗೆ ಆಗಲ್ಲ ನಿಜ. ಆದರೆ 'ಮಳೆಕಾಲ' ಅಂತ ಯಾರಾದರೂ ಅಂದಾಗ ನಿಮ್ಮ ಕಿವಿಗೆ ಏನೋ ಕೊಂಚ ತೊಡಕಾಗುತ್ತಲ್ಲ, ಗ್ರೀನ್ ˈಹೌಸ್‌ನಲ್ಲಿ ಟೊಮೆಟೊ ಬೆಳೀತೀವಿ ಅಂದಾಗ ಅವರ ಕಿವಿಗೂ ಅಂಥದ್ದೇ ತೊಡಕು.

ಇದು ಯಾರಿಗೆ ಬೇಕು?

ಡಿಗ್ರಿ ಮುಗಿಸಿ ನಾನು ಸೇರಿದ ಮೊದಲ ಕೆಲಸದಲ್ಲಿ ವಿದೇಶದ ಸಣ್ಣ ಸಣ್ಣ ಕಂಪನಿಗಳ ಲೆಕ್ಕ ಬರೀತಿದ್ವಿ. ನಮ್ಮ ಟೀಮಲ್ಲಿ ಒಬ್ಬರು ಸೀನಿಯರ್ ಇದ್ರು, ನಾವೆಲ್ಲ ಅಕ್ಕ ಅಂತಿದ್ವಿ. ಲೆಕ್ಕದಲ್ಲಿ ಅವರನ್ನ ಮೀರಿಸೋರಿಲ್ಲ. ಒಂದು ದಿನ ಕಾಲ್‌ನಲ್ಲಿ ಹೋದ ತಿಂಗಳ ರೈಟ್-ಆಫ್ ಬಗ್ಗೆ, ಅಂದರೆ ಬರಲ್ಲ ಅಂತ ಲೆಕ್ಕದಿಂದ ತೆಗೆದ ಬಾಕಿಯ ಬಗ್ಗೆ ಕೇಳ್ತಿದ್ರು. ಭಾರ 'ಆಫ್' ಮೇಲೆ ಬಿತ್ತು. ಆ ಕಡೆಯವರಿಗೆ ಅದು 'ತೆಗೆದುಹಾಕಿ' ಅನ್ನೋ ಕ್ರಿಯಾಪದವಾಗಿ ಕೇಳಿಸಿ, ಗಾಬರಿಯಲ್ಲಿ 'ನೋ ನೋ, ಡೋಂಟ್' ಅಂದ್ರು. ಸರಿಮಾಡೋಕೆ ಐದು ನಿಮಿಷ ಬೇಕಾಯ್ತು. ನಗು ಬರೋ ವಿಷಯವೇ, ಆದರೆ ಅಕ್ಕನಿಗೆ ನಗು ಬರಲಿಲ್ಲ. ಪ್ರತಿ ಕಾಲ್‌ನಲ್ಲೂ ಮೂರು ನಾಲ್ಕು ಸಲ 'ಸಾರಿ?' 'ಪಾರ್ಡನ್?' ಕೇಳಿಸ್ಕೊಂಡು, ಕೊನೆಗೆ ಅವರು ಕಾಲ್‌ಗೇ ಬರೋದು ಬಿಟ್ರು. 'ನೀವೇ ಮಾತಾಡ್ರಪ್ಪಾ, ನಾನು ಮೇಲ್ ಹಾಕ್ತೀನಿ' ಅಂತಿದ್ರು. ಕೆಲಸ ಅವರದ್ದು, ದನಿ ಬೇರೆಯವರದ್ದು. ವರ್ಷದ ಕೊನೆಯಲ್ಲಿ ಹೆಸರು ಬಂದಿದ್ದು ದನಿಗೆ.

ಆಮೇಲೆ ಅವರೇ ಒಂದು ದಾರಿ ಹುಡುಕಿದ್ರು. ಕಾಲ್‌ಗಳಲ್ಲಿ ಪದೇ ಪದೇ ಬರೋ ಪದಗಳನ್ನ ಎಕ್ಸೆಲ್‌ನಲ್ಲಿ ಹಾಕಿದ್ರು: ಪೇರೋಲ್, ಓವರ್‌ಹೆಡ್, ಓವರ್‌ಡ್ರಾಫ್ಟ್, ಶೇರ್‌ಹೋಲ್ಡರ್, ರೈಟ್-ಆಫ್, ಕ್ಯಾಶ್ ಬುಕ್. ಪಕ್ಕದ ಕಾಲಂನಲ್ಲಿ ತುಂಡುಗಳು, ಅದರ ಪಕ್ಕ ಒತ್ತು. ಊಟದ ಬಿಡುವಲ್ಲಿ ನಾವು ಓದ್ತಿದ್ವಿ: ˈಪೇ-ರೋಲ್, ˈಶೇರ್-ಹೋಲ್-ಡರ್. ಅವರ ಧಾಟಿ ಬದಲಾಗಲಿಲ್ಲ, ಹಾಸನದ ಕಡೆಯ ರಾಗ ಹಾಗೇ ಇತ್ತು. 'ಸಾರಿ?' ಮಾತ್ರ ಕಡಿಮೆ ಆಯ್ತು. ಮತ್ತೆ ಕಾಲ್‌ಗೆ ಬರೋಕೆ ಶುರು ಮಾಡಿದ್ರು.

ಅದಕ್ಕೇ ಹೇಳ್ತೀನಿ, ಇದು ಬೇರೆಯವರ ಥರ ಮಾತಾಡೋ ಕಸರತ್ತಲ್ಲ. ಇಂಗ್ಲಿಷ್ ಕೇಳಿ ಬೆಳೆದವರು ಮಾತಿನ ಹರಿವಲ್ಲಿ ಹೊಸ ಪದ ಎಲ್ಲಿ ಶುರುವಾಯ್ತು ಅಂತ ಗುರುತು ಹಿಡಿಯೋದೇ ಬಹುಪಾಲು ಒತ್ತಿನ ಮೇಲೆ. ಒತ್ತು ತಪ್ಪು ಜಾಗದಲ್ಲಿದ್ದರೆ ಅವರು ತಪ್ಪು ಜಾಗದಲ್ಲಿ ಪದ ಹುಡುಕ್ತಾರೆ. ನಾವು ನಾವೇ ಮಾತಾಡುವಾಗ ಈ ತೊಂದರೆ ಇಲ್ಲ. 'ಬಸ್‌ಸ್ಟ್ಯಾಂಡಿಗೆ ಹೋಗ್ಬೇಕು' ಅನ್ನುವಾಗ ಅದು ಕನ್ನಡದ ಪದ, ಕನ್ನಡದ ಹಾಗೇ ಹೇಳಿ. ಕಂಡಕ್ಟರ್ ಹತ್ತಿರ ಒತ್ತು ತೋರಿಸೋಕೆ ಹೋಗಬೇಡಿ.

ನಿಮ್ಮ ಫೋನಲ್ಲೇ ಇರೋ ಪಾಠ

ರೈಟ್-ಆಫ್ ಥರದ ಪದಗಳು ನಿಮ್ಮ ಫೋನಿನ ಪರದೆ ಮೇಲೆ ದಿನಾ ಕಾಣ್ತವೆ. ಗಮನಿಸಿ, ಆ್ಯಪ್‌ನ ಬಟನ್ ಮೇಲೆ ಕೆಲವು ಕಡೆ 'ಲಾಗ್ ಇನ್' ಅಂತ ಬಿಡಿಸಿ ಬರೆದಿರ್ತಾರೆ, ಬೇರೆ ಕಡೆ 'ಲಾಗಿನ್' ಅಂತ ಕೂಡಿಸಿರ್ತಾರೆ. ಬಿಡಿಸಿದ್ದು ಕ್ರಿಯಾಪದ, 'ಒಳಗೆ ಬನ್ನಿ' ಅಂತ. ಅದರ ಒತ್ತು ಕೊನೆಗೆ: ಲಾಗ್ ˈಇನ್. ಕೂಡಿಸಿದ್ದು ನಾಮಪದ. ಅದರ ಒತ್ತು ಮೊದಲಿಗೆ: ˈಲಾಗ್-ಇನ್.

ಇದೇ ಲೆಕ್ಕದಲ್ಲಿ ಬೇರೆಯವು. ಫೋಟೋಗಳನ್ನ ಬ್ಯಾಕ್ ˈಅಪ್ ಮಾಡಿ, ಆಗ ನಿಮ್ಮ ಹತ್ತಿರ ˈಬ್ಯಾಕ್-ಅಪ್ ಇರುತ್ತೆ. ಸಾಮಾನು ಆರಿಸಿ ಚೆಕ್ ˈಔಟ್ ಮಾಡೋಕೆ ˈಚೆಕ್-ಔಟ್ ಪುಟಕ್ಕೆ ಹೋಗಿ. ಗಾಡಿ ಬ್ರೇಕ್ ˈಡೌನ್ ಆದರೆ ಅದು ˈಬ್ರೇಕ್-ಡೌನ್. ವಿಮಾನ ಟೇಕ್ ˈಆಫ್ ಆಗುತ್ತೆ, ಆ ಘಟನೆ ˈಟೇಕ್-ಆಫ್. ಮಾಡೋದಾದರೆ ಕೊನೆಗೆ, ಹೆಸರಾದರೆ ಮೊದಲಿಗೆ. ಇದೊಂದು ಸಾಲು ನೆನಪಿಟ್ಟರೆ ನೂರಾರು ಪದ ಕೈಗೆ ಸಿಗುತ್ತವೆ.

ನಿಯಮ ಬಗ್ಗೋ ಕಡೆಗಳು

ಮೊದಲ ಪದಕ್ಕೆ ಒತ್ತು ಅಂದ ತಕ್ಷಣ ಎಲ್ಲದಕ್ಕೂ ಹಚ್ಚೋಕೆ ಆಗಲ್ಲ.

ಒಂದು, 'ಓವರ್' 'ಅಂಡರ್' 'ಔಟ್' ಸೇರಿದ ಕ್ರಿಯಾಪದಗಳು. ಅಂಡರ್-ˈಸ್ಟ್ಯಾಂಡ್, ಓವರ್-ˈಲುಕ್. ನಾಮಪದವಾದರೆ ಮತ್ತೆ ಮೊದಲಿಗೆ: ˈಓವರ್-ಡ್ರಾಫ್ಟ್, ˈಔಟ್-ಪುಟ್.

ಎರಡು, ಗುಣವಾಚಕ ಜೋಡಿಗಳು. ಗುಡ್-ˈಲುಕಿಂಗ್, ಓಲ್ಡ್-ˈಫ್ಯಾಷನ್ಡ್, ಸೆಕೆಂಡ್-ˈಹ್ಯಾಂಡ್. ಆದರೆ ಮುಂದೆ ಇನ್ನೊಂದು ಪದ ಬಂದರೆ ಒತ್ತು ಹಿಂದಕ್ಕೆ ಸರಿಯುತ್ತೆ. 'ಈ ಬೈಕು ಸೆಕೆಂಡ್-ˈಹ್ಯಾಂಡ್', ಆದರೆ 'ˈಸೆಕೆಂಡ್-ಹ್ಯಾಂಡ್ ಬೈಕ್'. ಎರಡು ಭಾರ ಅಕ್ಕಪಕ್ಕ ಬಂದರೆ ನಾಲಿಗೆಗೆ ಕಷ್ಟ, ಅದಕ್ಕೆ.

ಮೂರು, ತಿನ್ನೋ ಪದಾರ್ಥಗಳು. ಮೊದಲ ಪದ 'ಏನರಿಂದ ಮಾಡಿದ್ದು' ಅಂತ ಹೇಳಿದರೆ ಒತ್ತು ಎರಡನೆಯದಕ್ಕೆ: ಆ್ಯಪಲ್ ˈಪೈ, ಚಿಕನ್ ˈಸೂಪ್. ಆದರೆ ಕೊನೆಯಲ್ಲಿ 'ಕೇಕ್' ಅಥವಾ 'ಜ್ಯೂಸ್' ಇದ್ದರೆ ಮತ್ತೆ ಮೊದಲಿಗೆ: ˈಚಾಕೊಲೇಟ್ ಕೇಕ್, ˈಆರೆಂಜ್ ಜ್ಯೂಸ್. ಯಾಕೆ ಅಂದರೆ ಬಳಕೆ ಹಾಗೆ. 'ಐಸ್ ಕ್ರೀಮ್' ಅಂತೂ ಬ್ರಿಟನ್ನಿನಲ್ಲಿ ಐಸ್ ˈಕ್ರೀಮ್, ಅಮೆರಿಕದಲ್ಲಿ ˈಐಸ್ ಕ್ರೀಮ್. ವೀಕೆಂಡ್ ಕೂಡ ಹಾಗೇ: ಅಲ್ಲಿ ವೀಕ್-ˈಎಂಡ್, ಇಲ್ಲಿ ˈವೀಕ್-ಎಂಡ್.

ನಾಲ್ಕು, ರಸ್ತೆಗಳು. ಇದು ಕೇಳಿದರೆ ಬೆಂಗಳೂರಿನೋರು ಖುಷಿಪಡ್ತೀರಾ. ಇಂಗ್ಲಿಷಿನಲ್ಲಿ 'ಸ್ಟ್ರೀಟ್' ಅಂತ ಮುಗಿಯೋ ಹೆಸರಿಗೆ ಒತ್ತು ಮೊದಲಿಗೆ, 'ರೋಡ್' 'ಲೇನ್' 'ಅವೆನ್ಯೂ' ಅಂತ ಮುಗಿಯೋದಕ್ಕೆ ಒತ್ತು ಕೊನೆಗೆ. ಲಂಡನ್ನಿನಲ್ಲಿ ˈಆಕ್ಸ್‌ಫರ್ಡ್ ಸ್ಟ್ರೀಟ್, ಆದರೆ ಪಾರ್ಕ್ ˈಲೇನ್. ಅದೇ ಲೆಕ್ಕ ಹಿಡಿದರೆ ˈಚರ್ಚ್ ಸ್ಟ್ರೀಟ್‌ನಿಂದ ನಡ್ಕೊಂಡು ಬ್ರಿಗೇಡ್ ˈರೋಡ್‌ಗೆ ಬರೋ ಹೊತ್ತಿಗೆ ಒತ್ತು ಪದದ ಆ ತುದಿಯಿಂದ ಈ ತುದಿಗೆ ಬಂದಿರುತ್ತೆ.

ಇನ್ನು ಕೆಲವು ಎಷ್ಟು ಹಳೇ ಜೋಡಿ ಅಂದರೆ ಹೊಲಿಗೆಯೇ ಕಾಣಲ್ಲ. 'ಕಪ್' ಮತ್ತು 'ಬೋರ್ಡ್' ಸೇರಿದ್ದು ˈಕಬರ್ಡ್. 'ಪ' ಸದ್ದು ಮಾಯ, 'ಬೋರ್ಡ್' ಕರಗಿ 'ಬರ್ಡ್' ಆಗಿದೆ. 'ಬ್ರೇಕ್' ಮತ್ತು 'ಫಾಸ್ಟ್', ಅಂದರೆ ಉಪವಾಸ ಮುರಿಯೋದು, ˈಬ್ರೆಕ್-ಫಸ್ಟ್ ಆಗಿದೆ. ಕುರಿ ಕಾಯೋನು 'ಶೆಪರ್ಡ್', ಅಲ್ಲಿ 'ಎಚ್' ಬರೆದಿದ್ದರೂ ಕೇಳಿಸಲ್ಲ. ಒತ್ತಿಲ್ಲದ ತುಂಡು ತಲೆಮಾರುಗಳ ಕಾಲ ಸವೆದು ಸವೆದು ಹೀಗಾಗುತ್ತೆ.

ಡಿಕ್ಷನರಿ ಓದೋದು ಹೇಗೆ

ನಿಯಮ ಎಲ್ಲಿ ಬಗ್ಗುತ್ತೋ ಅಲ್ಲಿ ಡಿಕ್ಷನರಿ. ಡೇನಿಯಲ್ ಜೋನ್ಸ್ ಅನ್ನೋರು 1917ರಲ್ಲಿ ಇಂಗ್ಲಿಷ್ ಉಚ್ಚಾರಣೆಗೇ ಅಂತ ಒಂದು ನಿಘಂಟು ತಂದ್ರು, ಅದು ಪರಿಷ್ಕಾರ ಆಗ್ತಾ ಇವತ್ತಿಗೂ ಬಳಕೆಯಲ್ಲಿದೆ. ಈಗ ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಮೆರಿಯಮ್-ವೆಬ್‌ಸ್ಟರ್ ಮೂರೂ ಫೋನಲ್ಲೇ ಸಿಗುತ್ತವೆ, ಸ್ಪೀಕರ್ ಚಿತ್ರ ಒತ್ತಿದರೆ ಕೇಳಿಸುತ್ತವೆ.

ನೋಡಬೇಕಾದ್ದು ಎರಡು ಗುರುತು. ಮೇಲಿನ ಗೆರೆ ˈ ಮುಖ್ಯ ಒತ್ತು. ಕೆಳಗಿನ ಗೆರೆ ˌ ಎರಡನೇ ದರ್ಜೆಯ ಒತ್ತು. ಎರಡೂ ಬರೋದು ಸಿಲಬಲ್ ಮುಂದೆ, ಹಿಂದೆ ಅಲ್ಲ. ಅಮೆರಿಕದ ಡಿಕ್ಷನರಿಗಳಲ್ಲಿ ˈಗ್ರೀನ್-ˌಹೌಸ್ ಅಂತ ಎರಡೂ ಕಾಣುತ್ತವೆ. ಅದರರ್ಥ 'ಹೌಸ್' ಅನ್ನ ನುಂಗಬೇಡಿ, ಪೂರ್ತಿ ಹೇಳಿ, ಆದರೆ ಒಂದು ಮೆಟ್ಟಿಲು ಕೆಳಗೆ.

ಒಂದು ಎಚ್ಚರಿಕೆ. ಮೆರಿಯಮ್-ವೆಬ್‌ಸ್ಟರ್‌ನಲ್ಲಿ ಪದದ ನಡುವೆ ಚುಕ್ಕೆ ಇಟ್ಟಿರ್ತಾರೆ. ಅದು ಸಾಲಿನ ಕೊನೆಯಲ್ಲಿ ಪದ ಮುರಿಯೋ ಜಾಗ, ಹೇಳುವಾಗ ತುಂಡು ಮಾಡೋ ಜಾಗವೇ ಆಗಬೇಕಿಲ್ಲ. 'ಬುಕ್‌ಕೀಪರ್' ಅಲ್ಲಿ ಚುಕ್ಕೆ ಬೀಳೋದು 'ಕೀಪ್' ಆದಮೇಲೆ, ಬಾಯಲ್ಲಿ ಬರೋದು ಕೀ-ಪರ್. ಹೇಳೋಕೆ ಬೇಕಾದರೆ ಉಚ್ಚಾರಣೆಯ ಸಾಲು ನೋಡಿ, ಚುಕ್ಕೆ ಅಲ್ಲ.

ಈ ವಾರ ಮಾಡಿ ನೋಡಿ

ನೀವು ಮಾಡೋ ಕೆಲಸದ, ಇಲ್ಲಾ ಓದೋ ವಿಷಯದ ಹತ್ತು ಇಂಗ್ಲಿಷ್ ಜೋಡಿಪದ ಬರೀರಿ. ಅಂಗಡಿಯಲ್ಲಿದ್ದರೆ ಕ್ಯಾಶ್‌ಬ್ಯಾಕ್, ಹೋಲ್‌ಸೇಲ್. ಆಸ್ಪತ್ರೆಯಲ್ಲಿದ್ದರೆ ವೀಲ್‌ಚೇರ್, ಬ್ಲಡ್ ಬ್ಯಾಂಕ್. ಕಾಲೇಜಿನಲ್ಲಿದ್ದರೆ ಟೆಕ್ಸ್ಟ್‌ಬುಕ್, ಡೆಡ್‌ಲೈನ್. ಮೊದಲು ಕೂಡಿದ ಜಾಗದಲ್ಲಿ ಕತ್ತರಿಸಿ. ಸ್ವರದ ಸದ್ದು ಎಣಿಸಿ. ವಸ್ತುವಿನ ಹೆಸರಾ, ಮಾಡೋ ಕೆಲಸವಾ, ಬರೀ ಗುಣವಾ ಅಂತ ಕೇಳ್ಕೊಳ್ಳಿ. ಗೆರೆ ಹಾಕಿ. ಆಮೇಲೆ ಡಿಕ್ಷನರಿ ತೆಗೆದು ತಾಳೆ ನೋಡಿ. ಕೊನೆಗೆ ಆ ಪದವನ್ನ ಒಂದು ವಾಕ್ಯದಲ್ಲಿ ಹಾಕಿ, ಫೋನಲ್ಲಿ ರೆಕಾರ್ಡ್ ಮಾಡಿ, ನಿಮ್ಮದನ್ನ ನೀವೇ ಕೇಳಿ. ನಮ್ಮ ದನಿ ನಮಗೇ ಮುಜುಗರ ಅನ್ನಿಸುತ್ತೆ, ಪರವಾಗಿಲ್ಲ. ಮೂರನೇ ದಿನಕ್ಕೆ ಮುಜುಗರ ಹೋಗಿ ಒತ್ತು ಕೇಳಿಸೋಕೆ ಶುರುವಾಗುತ್ತೆ.

ನಿಮ್ಮ ಪಟ್ಟಿಯಲ್ಲಿ ನಿಯಮಕ್ಕೆ ಬಗ್ಗದ ಪದ ಸಿಕ್ಕರೆ ಕಾಮೆಂಟಲ್ಲಿ ಹಾಕಿ, ಅಂಥವನ್ನೆಲ್ಲ ಸೇರಿಸಿ ಇನ್ನೊಂದು ಎಪಿಸೋಡ್ ಮಾಡೋಣ. ಅಲ್ಲೀವರೆಗೆ, ಮಾಡೋದಾದರೆ ಕೊನೆಗೆ, ಹೆಸರಾದರೆ ಮೊದಲಿಗೆ. ಸಿಗೋಣ.